10 ಪ್ರಶ್ನೆ, 17 ಅಂಕ: ಆಟಗಾರರ ಮನಸ್ಸು ನೋಡುವ ಒಲಿಂಪಿಕ್ ಸಮಿತಿಯ ಕಿಟ್ ಬಳಸುವ ಮುನ್ನ

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2020ರಲ್ಲಿ ಹೊರತಂದ ‘ಸ್ಪೋರ್ಟ್ ಮೆಂಟಲ್ ಹೆಲ್ತ್ ಅಸೆಸ್‌ಮೆಂಟ್ ಟೂಲ್ 1’ ಎಂಬ ಪ್ರಶ್ನಾವಳಿಗಳ ಕಟ್ಟಿಗೆ ದುಡ್ಡು ಕೊಡಬೇಕಿಲ್ಲ. ಇಳಿಸಿಕೊಂಡು ಪ್ರಿಂಟ್ ಹಾಕಿಸಿದರೆ ಆಯಿತು. ಜೊತೆಗೆ ಒಂದು ಪೆನ್ನು, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಅಂಕ ಕೂಡಿಸಿದ ಮೇಲೆ ಮುಂದೇನು ಮಾಡಬೇಕೆಂದು ಗೊತ್ತಿರುವ ಒಬ್ಬ ವೈದ್ಯರು ಬೇಕು. ಈ ಮೂರನೆಯದು ಸಿಗುವುದೇ ಕಷ್ಟ. ಕ್ರೀಡಾ ಹಾಸ್ಟೆಲ್, ಅಕಾಡೆಮಿ, ರಾಜ್ಯ ತಂಡಗಳಲ್ಲಿ ಕೆಲಸ ಮಾಡುವ ಫಿಸಿಯೊಗಳು, ವೈದ್ಯರು, ಕೋಚ್‌ಗಳು ಇದನ್ನು ಬಳಸಬೇಕೆ ಎಂದು ಕೇಳಿದರೆ, ಖಂಡಿತ ಬಳಸಿ. ಆದರೆ ಕಿಟ್ ಎಲ್ಲಿ ಎಡವುತ್ತದೆ ಎಂಬುದನ್ನು ತಿಳಿದುಕೊಂಡು ಬಳಸಿ.

ಇದನ್ನು ರೂಪಿಸಿದ ತಂಡದಲ್ಲಿ ವೈದ್ಯರು, ಸಂಶೋಧಕರ ಜೊತೆ ನಮ್ಮ ಅಭಿನವ್ ಬಿಂದ್ರಾ ಕೂಡ ಇದ್ದರು. 2008ರಲ್ಲಿ ಬೀಜಿಂಗ್‌ನಲ್ಲಿ 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದ ಮೇಲೇ ತಮ್ಮನ್ನು ದೊಡ್ಡ ಶೂನ್ಯ ಕಾಡಿತು ಎಂದು ಅವರು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಸೋತವರಿಗೆ ಮಾತ್ರ ಇಂಥ ತೊಂದರೆ ಎಂದುಕೊಂಡವರು ಬಹಳ ಮಂದಿ. 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆಡುತ್ತಿರುವ ಉನ್ನತ ಮಟ್ಟದ ಆಟಗಾರರಲ್ಲಿ ಆತಂಕ ಅಥವಾ ಖಿನ್ನತೆಯ ಲಕ್ಷಣ ಶೇ 34ರಷ್ಟು ಮಂದಿಯಲ್ಲಿ, ನಿವೃತ್ತರಲ್ಲಿ ಶೇ 26ರಷ್ಟು ಮಂದಿಯಲ್ಲಿ ಕಂಡಿತ್ತು. ಲಕ್ಷಣ ಇದ್ದವರೆಲ್ಲರಿಗೂ ಕಾಯಿಲೆ ಇದೆ ಎಂದಲ್ಲ. ಆದರೂ ಹನ್ನೊಂದು ಜನರ ತಂಡದಲ್ಲಿ ಮೂರು ನಾಲ್ಕು ಮಂದಿ ಎಂದರೆ ಸಣ್ಣ ಮಾತಲ್ಲ.

ಕಿಟ್ 16 ವರ್ಷ ದಾಟಿದವರಿಗೆ. ಮೂರು ಹಂತ. ಮೊದಲನೆಯದರಲ್ಲಿ 10 ಪ್ರಶ್ನೆಗಳ ಒಂದು ಹಾಳೆ. ಜೊತೆಯವರೊಂದಿಗೆ ಇರುವುದು ಕಷ್ಟವಾಯಿತೇ, ಸಿಟ್ಟು ಹೆಚ್ಚಾಗಿದೆಯೇ, ಗಾಯದ ಚಿಂತೆ ಬಿಡದೆ ಕಾಡುತ್ತಿದೆಯೇ, ಆಯ್ಕೆಯ ಒತ್ತಡ ತಡೆಯಲಾಗುತ್ತಿಲ್ಲವೇ, ಆಟ ಬಿಟ್ಟ ಮೇಲಿನ ಬದುಕಿನ ಯೋಚನೆ ಬರುತ್ತಿದೆಯೇ, ಹಗುರಾಗಲು ಮದ್ಯ ಬೇಕಾಯಿತೇ, ಹೀಗೆ. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಕನಿಷ್ಠ 10, ಗರಿಷ್ಠ 50. ಮೊತ್ತ 17 ಮುಟ್ಟಿದರೆ ಎರಡನೇ ಹಂತಕ್ಕೆ ಹೋಗಬೇಕು.

ಈ 17ರ ಗೆರೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಏಳು ಪ್ರಶ್ನೆಗೆ 2, ಉಳಿದ ಮೂರಕ್ಕೆ 1 ಕೊಟ್ಟರೆ 17 ಬಂತು. ಅಂದರೆ ಎಲ್ಲದರಲ್ಲೂ ಚೂರುಚೂರು ಕಿರಿಕಿರಿ ಇರುವವರು ಗೆರೆ ದಾಟುತ್ತಾರೆ. ಇದು ಒಳ್ಳೆಯದೇ, ಒಬ್ಬರನ್ನು ಹೆಚ್ಚಾಗಿ ಮಾತನಾಡಿಸಿದರೆ ನಷ್ಟವೇನಿಲ್ಲ. ತೊಂದರೆ ಇರುವುದು ಇನ್ನೊಂದು ಕಡೆ. ಮದ್ಯದ ಪ್ರಶ್ನೆಗೆ 5 ಕೊಟ್ಟು, ಉಳಿದ ಒಂಬತ್ತಕ್ಕೂ 1 ಹಾಕಿದವರ ಮೊತ್ತ ಬರೀ 14. ದಿನಾ ಕುಡಿಯದೆ ಹಗುರಾಗಲು ಆಗುತ್ತಿಲ್ಲ ಎಂದು ಅವರೇ ಬರೆದುಕೊಟ್ಟಿದ್ದಾರೆ, ಮೊತ್ತ ಮಾತ್ರ ‘ಪರವಾಗಿಲ್ಲ’ ಎನ್ನುತ್ತಿದೆ. ಆದ್ದರಿಂದ ಮೊತ್ತ ಕೂಡಿಸುವ ಮೊದಲು ಹಾಳೆಯ ಮೇಲೆ ಕಣ್ಣು ಹಾಯಿಸಿ. ಎಲ್ಲೇ ಆಗಲಿ 4 ಅಥವಾ 5 ಕಂಡರೆ ಕರೆದು ಮಾತನಾಡಿಸಿ. ಇನ್ನೊಂದು ಕೊರತೆಯೂ ಇದೆ. ಈ 10 ಪ್ರಶ್ನೆಗಳಲ್ಲಿ ನಿದ್ದೆಯ ಬಗ್ಗೆ, ಊಟದ ಬಗ್ಗೆ ನೇರವಾಗಿ ಒಂದೂ ಇಲ್ಲ. ಆಟಗಾರರ ತೊಂದರೆ ಬಹಳ ಸಲ ತಲೆ ಎತ್ತುವುದು ಈ ಎರಡರಲ್ಲಿ. ಹೊಸದಾಗಿ ತಂಡಕ್ಕೆ ಬಂದವರಿಗೆ ಮೊದಲ ಸಲ 17ನ್ನು ಕಾಯದೆ ಎರಡನೇ ಹಂತದ ಆರೂ ಹಾಳೆಗಳನ್ನು ಕೊಡುವುದೇ ಸರಿ. ಮುಂದೆ ಹೋಲಿಸಿ ನೋಡಲು ಒಂದು ಮೂಲ ಅಳತೆ ಕೈಯಲ್ಲಿ ಇರುತ್ತದೆ.

ಆ ಆರು ಹಾಳೆ ಯಾವುವೆಂದರೆ: ಆತಂಕಕ್ಕೆ ಜಿಎಡಿ-7, ಖಿನ್ನತೆಗೆ ಪಿಎಚ್‌ಕ್ಯೂ-9, ಎರಡಕ್ಕೂ ಗೆರೆ 10. ನಿದ್ದೆಗೆ ಆಟಗಾರರಿಗೆಂದೇ ಮಾಡಿದ ಒಂದು ಪ್ರಶ್ನಾವಳಿ, ಗೆರೆ 8. ಮದ್ಯಕ್ಕೆ ಆಡಿಟ್-ಸಿ, ಗಂಡಸರಿಗೆ 4, ಹೆಂಗಸರಿಗೆ 3. ಇತರ ಮಾದಕ ವಸ್ತುಗಳಿಗೆ ಕೇಜ್-ಏಡ್, ಗೆರೆ 2. ಆಹಾರಕ್ಕೆ ಬೀಡಾ-ಕ್ಯೂ, ಗೆರೆ 4. ಗೆರೆ ದಾಟಿದವರಿಗೆ ಮೂರನೇ ಹಂತದಲ್ಲಿ ವೈದ್ಯರ ಸಲಹೆ, ನಿಗಾ ಅಥವಾ ಪೂರ್ಣ ತಪಾಸಣೆ.

ಖಿನ್ನತೆಯ ಹಾಳೆ ಕಿಟ್‌ನ ಬೆನ್ನೆಲುಬು, ಹೆಚ್ಚು ತಪ್ಪು ಓದುವುದೂ ಅದನ್ನೇ. ಸುಸ್ತು, ನಿದ್ದೆ, ಹಸಿವು, ಇವೆಲ್ಲ ಅದರಲ್ಲಿ ಅಂಕ ತರುವ ಪ್ರಶ್ನೆಗಳು. ವಾರಕ್ಕೆ ಹನ್ನೊಂದು ಹನ್ನೆರಡು ಸಲ ಕಠಿಣ ತಾಲೀಮು ಮಾಡುವ ಈಜುಗಾರ್ತಿಗೆ ಸುಸ್ತು ಇರದೆ ಇನ್ನೇನು? ತೂಕ ಇಳಿಸುತ್ತಿರುವ ಕುಸ್ತಿಪಟುವಿನ ಹಸಿವಿನ ಲೆಕ್ಕ ಏರುಪೇರಾಗಿಯೇ ಇರುತ್ತದೆ. ಈ ಮೂರೇ ಪ್ರಶ್ನೆಗಳಿಂದ 9 ಅಂಕ ಬರಬಹುದು. ಹಾಗಾಗಿ ಒಟ್ಟು 10 ಬಂದಾಗ ಮೊದಲ ಎರಡು ಪ್ರಶ್ನೆಗಳನ್ನು ಬಿಡಿಯಾಗಿ ನೋಡಿ: ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮನಸ್ಸು ಕುಗ್ಗಿರುವುದು. ಅಲ್ಲಿ ಸೊನ್ನೆ ಇದ್ದು ಉಳಿದೆಡೆ ಅಂಕ ತುಂಬಿದ್ದರೆ ತಾಲೀಮಿನ ಹೊರೆಯನ್ನೂ ಪರಿಶೀಲಿಸಿ, ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ಸಂಗ್ರಹ), ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ. ಹಾಗೆಂದು ‘ಬರೀ ಸುಸ್ತು’ ಎಂದು ತಳ್ಳಿಹಾಕಬೇಡಿ. ಎರಡು ವಾರ ಹೊರೆ ಇಳಿಸಿ ಮತ್ತೆ ಕೇಳಿ. ಅಂಕ ಇಳಿಯದಿದ್ದರೆ ಅದು ತಾಲೀಮಿನ ಸುಸ್ತಷ್ಟೇ ಅಲ್ಲದಿರಬಹುದು.

ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದು. ಅಲ್ಲಿ ಸೊನ್ನೆ ಬಿಟ್ಟು ಏನೇ ಇದ್ದರೂ, ಒಟ್ಟು ಅಂಕ ಎಷ್ಟೇ ಕಡಿಮೆ ಇದ್ದರೂ, ಅವತ್ತೇ ಎದುರು ಕೂತು ಕೇಳಬೇಕು. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಎಂಬ ಭಯ ಬೇಡ. ಅವರನ್ನು ಒಂಟಿಯಾಗಿ ಕೋಣೆಗೆ ಕಳಿಸಬೇಡಿ, ಮನೋವೈದ್ಯರಿಗೆ ಅವತ್ತೇ ತೋರಿಸಿ. ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಇದೆ. ಪುಕ್ಕಟೆ, ಹಗಲುರಾತ್ರಿ, ಕನ್ನಡದಲ್ಲೇ ಮಾತನಾಡಬಹುದು. ಇಂಥ ಹಾಳೆಗಳನ್ನು ಸಂಜೆ ತುಂಬಿಸಿಕೊಂಡು ಮಾರನೇ ದಿನ ನೋಡುವ ಪದ್ಧತಿ ಅಪಾಯದ್ದು. ಪಕ್ಕದಲ್ಲಿ ವೈದ್ಯರು ಇರುವ ಹೊತ್ತಿನಲ್ಲಿ, ಬೆಳಗ್ಗೆಯೇ ತುಂಬಿಸಿ.

ಆಡಿಟ್-ಸಿ ಮೂರೇ ಪ್ರಶ್ನೆಗಳ ಸರಳ ಹಾಳೆ, ಆದರೆ ನಮ್ಮಲ್ಲಿ ಅಳತೆಯೇ ಎಡವಟ್ಟು. ‘ಒಂದು ಡ್ರಿಂಕ್’ ಎಂದರೆ ಸುಮಾರು 10 ಗ್ರಾಂ ಆಲ್ಕೋಹಾಲ್, ಅಂದರೆ ನಮ್ಮ ವಿಸ್ಕಿ, ರಮ್ಮಿನ 30 ಮಿ.ಲೀ. ‘ಒಂದೇ’ ಎಂದು ಬರೆದವರ ಮನಸ್ಸಿನಲ್ಲಿರುವುದು ಒಂದು ನೈಂಟಿಯಾದರೆ ಅದು ಮೂರು, ಒಂದು ಕ್ವಾರ್ಟರ್ ಆದರೆ ಆರು. 650 ಮಿ.ಲೀ. ಸ್ಟ್ರಾಂಗ್ ಬಿಯರ್ ಬಾಟಲಿ ಒಂದಕ್ಕೆ ಹೆಚ್ಚುಕಡಿಮೆ ನಾಲ್ಕು. ಈ ಲೆಕ್ಕವನ್ನು ಹಾಳೆಯ ತುದಿಯಲ್ಲಿ ಕೈಯಿಂದ ಬರೆದು ಕೊಡಿ. ಮಾದಕ ವಸ್ತುಗಳ ಹಾಳೆಯಲ್ಲೂ ಇದೇ ಕಥೆ. ನೋವಿನ ಮಾತ್ರೆ, ನಿದ್ದೆ ಮಾತ್ರೆಗಳನ್ನು ಆಟಗಾರರು ಆ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ಬಾಯಿಬಿಟ್ಟು ಹೆಸರು ಹೇಳಿಯೇ ಕೇಳಬೇಕು.

ಬೀಡಾ-ಕ್ಯೂ ಹುಟ್ಟಿದ್ದು ನಾರ್ವೆಯ ಹದಿಹರೆಯದ ಆಟಗಾರ್ತಿಯರಿಗಾಗಿ. ಜೂಡೊ, ಬಾಕ್ಸಿಂಗ್, ಕುಸ್ತಿಯ ಹುಡುಗರಿಗೆ 4ರ ಒಳಗೆ ಬಂತೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಎಷ್ಟು ದಿನದಲ್ಲಿ ಎಷ್ಟು ಕಿಲೋ ಇಳಿಸಿದಿರಿ, ನೀರು ಬಿಟ್ಟಿರಾ, ವಾಂತಿ ಮಾಡಿಕೊಂಡಿರಾ, ಭೇದಿ ಮಾತ್ರೆ ತಗೊಂಡಿರಾ ಎಂದು ಬೇರೆಯೇ ಕೇಳಿ.

ಇನ್ನು ಭಾಷೆ. ಮೂಲ ಹಾಳೆ ಇಂಗ್ಲಿಷಿನದು. ಪಿಎಚ್‌ಕ್ಯೂ-9, ಜಿಎಡಿ-7 ಎರಡಕ್ಕೂ ಕನ್ನಡ ರೂಪ ಸಿಗುತ್ತದೆ, ಅವನ್ನೇ ಬಳಸಿ. ಉಳಿದವನ್ನು ಕೋಚ್ ನಿಂತ ನಿಲುವಿನಲ್ಲಿ ಅನುವಾದ ಮಾಡಿ ಹೇಳುವುದು ಬೇಡವೇ ಬೇಡ. ‘ಬೇಜಾರು’ ಎಂಬ ಒಂದೇ ಪದ ನೋಡಿ. ಮಾಡಲು ಕೆಲಸವಿಲ್ಲದಿದ್ದರೂ ಬೇಜಾರು, ತಂಡದಿಂದ ಕೈಬಿಟ್ಟರೂ ಬೇಜಾರು, ಗೆಳೆಯನ ಮೇಲಿನ ಮುನಿಸೂ ಬೇಜಾರು, ಬದುಕೇ ಬೇಡ ಎನಿಸುವುದೂ ಬೇಜಾರೇ. ‘ಬೇಜಾರಾಗಿದೆಯಾ?’ ಎಂದು ಕೇಳಿದರೆ ಬರುವ ‘ಹೂಂ’ನಿಂದ ಏನೂ ತಿಳಿಯುವುದಿಲ್ಲ. ಎದೆ ಭಾರ ಅನಿಸುತ್ತಾ, ಊಟ ಸೇರುತ್ತಿಲ್ವಾ, ಮಲಗಿದರೆ ನಿದ್ದೆ ಹತ್ತೋದಿಲ್ವಾ, ಗ್ರೌಂಡಿಗೆ ಹೋಗೋಕೆ ಕಾಲೇ ಏಳ್ತಿಲ್ವಾ, ಯಾರ ಜೊತೆಗೂ ಮಾತು ಬೇಡ ಅನಿಸುತ್ತಾ ಎಂದು ಬಿಡಿಸಿ ಕೇಳಿದರೆ ಉತ್ತರವೂ ಬಿಡಿಬಿಡಿಯಾಗಿ ಬರುತ್ತದೆ.

ಯಾವಾಗ ಕೊಡಬೇಕು? ಋತು ಶುರುವಾದ ಕೆಲವು ವಾರಗಳಲ್ಲಿ, ನಡುವೆ, ಕೊನೆಗೆ ಎನ್ನುತ್ತದೆ ಕಿಟ್. ದೊಡ್ಡ ಗಾಯ, ಶಸ್ತ್ರಚಿಕಿತ್ಸೆ, ಕಾರಣ ತಿಳಿಯದೆ ಆಟ ಕುಸಿದಾಗ, ದೊಡ್ಡ ಕೂಟ ಮುಗಿದಾಗ, ಕಿರುಕುಳದ ಅನುಮಾನ ಬಂದಾಗ, ಆಟ ಬಿಡುವಾಗ ಕೂಡ. ಇದರಲ್ಲಿ ‘ಕೊನೆಗೆ’ ಎಂಬುದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಎಲ್ಲರೂ ಊರಿಗೆ ಹೊರಟಿರುತ್ತಾರೆ. ಕೊಡಗಿನ ರಾಬಿನ್ ಉತ್ತಪ್ಪ 2009ರಿಂದ 2011ರವರೆಗೆ ಖಿನ್ನತೆ, ಸಾಯುವ ಯೋಚನೆಗಳೊಂದಿಗೆ ಹೆಣಗಿದ್ದನ್ನು 2020ರಲ್ಲಿ ಹೇಳಿಕೊಂಡಾಗ ಒಂದು ಮುಖ್ಯ ಮಾತು ಸೇರಿಸಿದ್ದರು: ಕ್ರಿಕೆಟ್ ಆ ಯೋಚನೆಗಳನ್ನು ದೂರ ಇಡುತ್ತಿತ್ತು, ಪಂದ್ಯವಿಲ್ಲದ ದಿನಗಳು, ಋತು ಮುಗಿದ ಮೇಲಿನ ದಿನಗಳೇ ಕಷ್ಟವಾಗಿದ್ದವು. ಪಂದ್ಯಗಳ ನಡುವೆ ಹಾಳೆ ತುಂಬಿಸಿ ‘ಎಲ್ಲ ಸರಿ ಇದೆ’ ಎಂದು ಫೈಲು ಮುಚ್ಚಿದರೆ ಇಂಥವರು ತಪ್ಪಿಹೋಗುತ್ತಾರೆ. ಹಾಗೆಯೇ ಸೋತ ಮರುದಿನ ಬೆಳಗ್ಗೆ, ತೂಕ ನೋಡುವ ವಾರ, ಆಯ್ಕೆ ಪಟ್ಟಿ ಪ್ರಕಟವಾಗುವ ಹಿಂದಿನ ದಿನ ಕೊಡಬೇಡಿ.

ಕಿಟ್‌ನ ದೊಡ್ಡ ದೌರ್ಬಲ್ಯ ಹಾಳೆಯ ಮೇಲಿಲ್ಲ, ಅದು ಯಾರ ಕೈಗೆ ಹೋಗುತ್ತದೆ ಎಂಬುದರಲ್ಲಿದೆ. ತುಂಬಿದ ಹಾಳೆ ಆಯ್ಕೆ ಮಾಡುವವರ ಮೇಜಿಗೆ ಹೋಗುತ್ತದೆ ಎಂಬ ಗುಮಾನಿ ಬಂದರೆ ಸಾಕು, ಇಡೀ ತಂಡದ ಅಂಕ 10, 11, 12 ಬರುತ್ತದೆ. ಎಲ್ಲರದ್ದೂ ಹೀಗೆ ನೀಟಾಗಿ ಬಂದರೆ ಖುಷಿಪಡುವ ಬದಲು ಮತ್ತೆ ಮೊದಲಿನಿಂದ ಶುರು ಮಾಡಿ. ಕೋಚ್ ಕೋಣೆಯಿಂದ ಹೊರಗಿರಲಿ. ಹಾಳೆ ವೈದ್ಯರ ಬೀರುವಿನಲ್ಲಿ ಬೀಗದೊಳಗೆ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸುವುದಂತೂ ಕೂಡದು. ಕೋಚ್‌ಗೆ ತಿಳಿಸಬೇಕಾದ್ದು ‘ಎರಡು ವಾರ ಹೊರೆ ಕಡಿಮೆ ಮಾಡಿ’ ಎಂಬಷ್ಟೇ, ಅದೂ ಆಟಗಾರರ ಒಪ್ಪಿಗೆ ಪಡೆದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಹಕ್ಕಾಗಿಯೇ ಕೊಟ್ಟಿದೆ. ಶುರುವಿಗೆ ಮುನ್ನ ಇದನ್ನು ಓದಿ ಹೇಳಿದರೆ ಬರೆಯುವ ಕೈ ಸ್ವಲ್ಪ ಸಡಿಲವಾಗುತ್ತದೆ. ಕೋಚ್, ಅಪ್ಪ ಅಮ್ಮ, ಜೊತೆ ಆಟಗಾರರಿಗೆ ಬೇರೆಯದೇ ಒಂದು ಪುಟ್ಟ ‘ರೆಕಗ್ನಿಷನ್ ಟೂಲ್ 1’ ಇದೆ. ಗಮನಿಸಬೇಕಾದ ಲಕ್ಷಣಗಳ ಪಟ್ಟಿ ಅದು, ಅಂಕ ಇಲ್ಲ. ಅವರಿಗೆ ಅದು ಸಾಕು.

ಮಾತ್ರೆ ಶುರು ಮಾಡುವ ಹಂತ ಬಂದರೆ ಡೋಪಿಂಗ್ ಭಯ ಎದುರಾಗುತ್ತದೆ. ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ನಿಷೇಧಿತ ಪಟ್ಟಿಯಲ್ಲಿಲ್ಲ. ಕೈ ನಡುಕ, ಎದೆಬಡಿತಕ್ಕೆ ಕೊಡುವ ಪ್ರೊಪ್ರನೊಲಾಲ್ ಶೂಟಿಂಗ್, ಬಿಲ್ವಿದ್ಯೆಯಲ್ಲಿ ಸ್ಪರ್ಧೆಯ ಹೊರಗೂ ನಿಷಿದ್ಧ. ಗಮನ ನಿಲ್ಲದ, ಚಡಪಡಿಕೆಯ ತೊಂದರೆಯಾದ ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್‌ಗೆ ಡೋಪಿಂಗ್ ನಿಯಮದಿಂದ ಮುಂಚಿತವಾಗಿ ವಿನಾಯಿತಿ ಪಡೆಯಬೇಕು. ‘ನಾನು ಇಂಥ ಆಟ ಆಡುತ್ತೇನೆ’ ಎಂದು ಮನೋವೈದ್ಯರಿಗೆ ಮೊದಲೇ ಹೇಳಿ. ಡೋಪಿಂಗ್ ಭಯದಿಂದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಇನ್ನೂ ಕೆಟ್ಟದ್ದು.

ಆಟ ಬಿಟ್ಟವರ ವಿಷಯದಲ್ಲಿ ಕಿಟ್ ಅರ್ಧ ದಾರಿಯಲ್ಲಿ ಕೈಬಿಡುತ್ತದೆ. ಮೊದಲ ಹಾಳೆಯ ಜೊತೆಗಾರರು, ಆಯ್ಕೆ, ತಾಲೀಮು ಯಾವುದೂ ಅವರಿಗೆ ಅನ್ವಯಿಸುವುದಿಲ್ಲ, ಮೊತ್ತ ಸುಮ್ಮನೆ ಕಡಿಮೆ ಬರುತ್ತದೆ. ಅದನ್ನು ಬಿಟ್ಟು ನೇರ ಎರಡನೇ ಹಂತಕ್ಕೆ ಹೋಗಿ. ಹದಿನೈದು ವರ್ಷ ಬೆಳಗ್ಗೆ ಐದಕ್ಕೆ ಎದ್ದವರಿಗೆ ಈಗ ಏಳಲು ಕಾರಣವಿಲ್ಲ. ಊಟ ಅಷ್ಟೇ ಇದೆ, ಬೆವರು ಇಲ್ಲ, ತೂಕ ಏರುತ್ತದೆ, ಕನ್ನಡಿ ನೋಡಲು ಮನಸ್ಸಿಲ್ಲ. ಕ್ರೀಡಾ ಕೋಟಾದ ಕೆಲಸ ಇದ್ದರೂ ಆ ಕಚೇರಿಯ ಕುರ್ಚಿಯಲ್ಲಿ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಗಾಯದಿಂದಲೋ ಪಟ್ಟಿಯಿಂದ ಹೆಸರು ಬಿದ್ದೋ ಆಟ ನಿಂತವರಿಗೆ, ತಾವೇ ದಿನ ಗೊತ್ತುಮಾಡಿ ಬಿಟ್ಟವರಿಗಿಂತ ಇದು ಕಠಿಣ. ಬಿಟ್ಟ ಒಂದು ತಿಂಗಳಿಗೆ, ಮೂರು, ಆರು, ಹನ್ನೆರಡು ತಿಂಗಳಿಗೆ ಹಾಳೆಗಳನ್ನು ಮತ್ತೆ ತುಂಬಿಸುವುದು ಒಳ್ಳೆಯದು. ಆ ನಾಲ್ಕು ತಾರೀಖುಗಳು ತಂಡದ ಫಿಸಿಯೊ ಅಥವಾ ವೈದ್ಯರ ಡೈರಿಯಲ್ಲಿ ಇರಲಿ, ಫೋನ್ ಅವರ ಕಡೆಯಿಂದಲೇ ಹೋಗಲಿ. ಮನಸ್ಸು ಕುಗ್ಗಿದವರಿಗೆ ತಾವಾಗಿ ಫೋನ್ ಎತ್ತಿ ನಂಬರ್ ಒತ್ತುವುದೇ ಅವತ್ತಿನ ಎಲ್ಲಕ್ಕಿಂತ ಕಷ್ಟದ ಕೆಲಸ.