ಅಲಾರಂ ಎದ್ದಿತ್ತು, ಯಾರಿಗೂ ತಲುಪಲಿಲ್ಲ: ಸರ್ವರ್ ಕೋಣೆಗೆ ಸೆನ್ಸರ್ ಹಾಕಿಸುವವರಿಗೆ ಎಚ್ಚರಿಕೆ

ಕರಾವಳಿಯ ಒಂದು ಸಂಸ್ಥೆಯ ಸರ್ವರ್ ಕೋಣೆ ಮಳೆಗಾಲದ ಒಂದು ಶನಿವಾರ ರಾತ್ರಿ ಬೆಂದುಹೋಯಿತು. ಬೆಂಕಿ ಬಿದ್ದಿರಲಿಲ್ಲ. ಕರೆಂಟು ಹೋಯಿತು, ಯುಪಿಎಸ್ ಭಾರ ಹೊತ್ತುಕೊಂಡಿತು, ಜನರೇಟರ್ ಶುರುವಾಯಿತು, ಸರ್ವರ್‌ಗಳು ಒಂದು ಕ್ಷಣವೂ ನಿಲ್ಲಲಿಲ್ಲ. ನಿಂತದ್ದು ಎರಡು ಎಸಿಗಳು ಮಾತ್ರ. ಅವು ಮತ್ತೆ ಚಾಲೂ ಆಗಲೇ ಇಲ್ಲ. ಭಾನುವಾರ ಬಾಗಿಲು ತೆಗೆಯುವ ಹೊತ್ತಿಗೆ ಸರ್ವರ್‌ಗಳು ಬಿಸಿ ತಾಳಲಾರದೆ ತಾವಾಗಿಯೇ ಆಫ್ ಆಗಿದ್ದವು. ಒಂದು ಡಿಸ್ಕ್ ಸತ್ತರೆ ಮಾತ್ರ ತಾಳುವ ರೇಡ್ 5 ಜೋಡಣೆಯ ಸ್ಟೋರೇಜ್‌ನಲ್ಲಿ ಎರಡು ಡಿಸ್ಕ್ ಸತ್ತು ಇಡೀ ಡಿಸ್ಕ್ ಗುಂಪೇ ಹೋಗಿತ್ತು. ಯುಪಿಎಸ್ ಬ್ಯಾಟರಿಗಳು ಉಬ್ಬಿದ್ದವು.

ಆ ಕೋಣೆಯಲ್ಲಿ ತಾಪಮಾನದ ಸೆನ್ಸರ್ ಇತ್ತು. ಇಮೇಲ್ ಮತ್ತು ಎಸ್‌ಎಂಎಸ್ ಎರಡೂ ಹೊಂದಿಸಲಾಗಿತ್ತು. ಅಲಾರಂ ಎದ್ದದ್ದು ಸಾಧನದ ಲಾಗ್‌ನಲ್ಲಿ ದಾಖಲಾಗಿಯೂ ಇತ್ತು. ಆದರೆ ಒಬ್ಬರ ಫೋನಿಗೂ ಬರಲಿಲ್ಲ. ಸೆನ್ಸರ್‌ನಿಂದ ಮನುಷ್ಯನ ಕಿವಿಯವರೆಗಿನ ದಾರಿಯಲ್ಲಿ ಎಲ್ಲೆಲ್ಲಿ ಕೊಂಡಿ ಕಳಚಿತ್ತು ಎಂಬುದನ್ನು ಇಲ್ಲಿ ಬಿಡಿಸಿ ಬರೆಯಲಾಗಿದೆ. ಇವೇ ತಪ್ಪುಗಳು ಜಿಲ್ಲಾ ಕೇಂದ್ರಗಳ ಕಾಲೇಜು, ಆಸ್ಪತ್ರೆ, ಸಹಕಾರಿ ಬ್ಯಾಂಕುಗಳ ಸಣ್ಣ ಕೋಣೆಗಳಲ್ಲಿ ಇವತ್ತಿಗೂ ಹಾಗೆಯೇ ಕೂತಿರುತ್ತವೆ.

ಮೊದಲು ಎಷ್ಟು ಸಮಯ ಸಿಗುತ್ತದೆ ನೋಡಿ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿ ಇರುತ್ತದೆ. ಅದನ್ನು 1 ಡಿಗ್ರಿ ಬಿಸಿ ಮಾಡಲು 41 ಕಿಲೋಜೂಲ್ ಸಾಕು. ಸರ್ವರ್‌ಗಳನ್ನು ಜೋಡಿಸಿಟ್ಟ ಕಪಾಟುಗಳಾದ ರ‍್ಯಾಕ್‌ಗಳು 5 ಕಿಲೋವ್ಯಾಟ್ ಎಳೆಯುತ್ತಿದ್ದರೆ ಅಷ್ಟೂ ಶಾಖವಾಗಿಯೇ ಹೊರಬರುತ್ತದೆ. ಗಾಳಿಯೊಂದನ್ನೇ ಲೆಕ್ಕ ಹಿಡಿದರೆ 8 ಸೆಕೆಂಡಿಗೆ 1 ಡಿಗ್ರಿ. ಗೋಡೆ, ನೆಲ, ರ‍್ಯಾಕಿನ ಕಬ್ಬಿಣ ಶಾಖ ಹೀರಿಕೊಳ್ಳುವುದರಿಂದ ವಾಸ್ತವದಲ್ಲಿ ಇದಕ್ಕಿಂತ ನಿಧಾನ, ಆದರೂ ಇದು ಗಂಟೆಗಳ ಮಾತಲ್ಲ, ನಿಮಿಷಗಳ ಮಾತು. ಯುಪಿಎಸ್ ಚೆನ್ನಾಗಿದ್ದಷ್ಟೂ ಈ ಅಪಾಯ ಹೆಚ್ಚು: ಎಸಿ ಯುಪಿಎಸ್ ಮೇಲೆ ಇರುವುದಿಲ್ಲ, ಶಾಖ ಹುಟ್ಟಿಸುವ ಸರ್ವರ್ ಮಾತ್ರ ಇರುತ್ತದೆ.

ಹಾಗಾಗಿ ಕೋಣೆ ಬಿಸಿಯಾದ ಮೇಲೆ ತಿಳಿಯುವುದಕ್ಕಿಂತ ಎಸಿ ನಿಂತಾಗಲೇ ತಿಳಿಯುವುದು ಒಳ್ಳೆಯದು. ಸಾಮಾನ್ಯ ಸ್ಪ್ಲಿಟ್ ಎಸಿಗಳಲ್ಲಿ ಆಟೋ ರೀಸ್ಟಾರ್ಟ್ ಇದ್ದರೂ ಎಷ್ಟೋ ಕಡೆ ಅದನ್ನು ಆನ್ ಮಾಡಿರುವುದಿಲ್ಲ. ಎರಡು ಎಸಿಗಳನ್ನು ಸರದಿಯಲ್ಲಿ ಓಡಿಸುವ ಟೈಮರ್ ಇದ್ದರೆ, ಕರೆಂಟು ಹೋಗಿ ಬಂದಾಗ ಅದರ ಗಡಿಯಾರವೇ ಅಳಿಸಿಹೋಗಿ ಎರಡನ್ನೂ ಆಫ್ ಇಟ್ಟುಬಿಡಬಹುದು. ಎಸಿಯ ಫೇಸ್ ವೈರಿಗೆ, ಅದರಲ್ಲಿ ಹರಿಯುವ ಕರೆಂಟು ಅಳೆಯುವ ಒಂದು ಕರೆಂಟ್ ಟ್ರಾನ್ಸ್‌ಫಾರ್ಮರ್ ಸೆನ್ಸರ್ ತೊಡಿಸಿ. 1.5 ಟನ್ನಿನ, ಇನ್ವರ್ಟರ್ ಅಲ್ಲದ ಎಸಿ ಕಂಪ್ರೆಸರ್ ಓಡುವಾಗ ಸುಮಾರು 7 ಆಂಪಿಯರ್ ಎಳೆಯುತ್ತದೆ. ಎರಡೂ ಎಸಿಗಳಲ್ಲಿ 10 ನಿಮಿಷ ಕಂಪ್ರೆಸರ್ ಕರೆಂಟು ಕಾಣದಿದ್ದರೆ ಅಲಾರಂ. ಸ್ಟೆಬಿಲೈಸರ್‌ನ 3 ನಿಮಿಷದ ವಿಳಂಬ, ಥರ್ಮೋಸ್ಟಾಟ್ ಕಟ್ ಆಗುವ ಸಹಜ ಬಿಡುವು, ಎರಡನ್ನೂ ಈ 10 ನಿಮಿಷ ನುಂಗಿಕೊಳ್ಳುತ್ತದೆ. ಇನ್ವರ್ಟರ್ ಎಸಿಯಾದರೆ ಕರೆಂಟು ಏರಿಳಿಯುತ್ತಲೇ ಇರುವುದರಿಂದ ಗಾಳಿ ಹೊರಬರುವ ಬಾಯಿಯಲ್ಲಿ ಒಂದು, ಒಳಗೆಳೆಯುವ ಕಡೆ ಒಂದು ಸೆನ್ಸರ್ ಇಟ್ಟು ವ್ಯತ್ಯಾಸ ನೋಡುವುದು ಉತ್ತಮ. ಎಸಿ ಪೂರ್ತಿ ತಣಿಸುತ್ತಿದ್ದರೆ 8ರಿಂದ 12 ಡಿಗ್ರಿ ಅಂತರ ಇರುತ್ತದೆ. ಅದು ಸೊನ್ನೆಯ ಹತ್ತಿರ ಬಂತೆಂದರೆ ಬರೀ ಫ್ಯಾನ್ ತಿರುಗುತ್ತಿದೆ ಎಂದರ್ಥ.

ಇನ್ನು ಸೆನ್ಸರ್ ಇದ್ದ ಜಾಗ. ಮೇಲೆ ಹೇಳಿದ ಕೋಣೆಯಲ್ಲಿ ಅದನ್ನು ಬಾಗಿಲ ಪಕ್ಕದ ಗೋಡೆಗೆ, ಲೈಟಿನ ಸ್ವಿಚ್ಚಿನ ಎತ್ತರಕ್ಕೆ ಅಂಟಿಸಿದ್ದರು. ನೋಡಲು ಅನುಕೂಲ, ಅಳೆಯಲು ನಿಷ್ಪ್ರಯೋಜಕ. ಗೋಡೆಯ ತಂಪು, ಬಾಗಿಲ ಸಂದಿಯ ಗಾಳಿ ಸೇರಿ ಅದು ರ‍್ಯಾಕಿನ ಮುಂದಿನ ಬಿಸಿಯನ್ನು ಎಷ್ಟೋ ಹೊತ್ತು ಕಾಣುವುದೇ ಇಲ್ಲ. ಸರ್ವರ್ ಉಸಿರೆಳೆಯುವ ಜಾಗದಲ್ಲೇ ಅಳೆಯಬೇಕು: ರ‍್ಯಾಕಿನ ಮುಂಬಾಗಿಲ ಒಳಗೆ, ಉಪಕರಣದಿಂದ 5 ಸೆಂಟಿಮೀಟರ್ ಮುಂದೆ, ಮೇಲೆ, ನಡುವೆ, ಕೆಳಗೆ ಒಂದೊಂದು. ಒಂದೇ ಸೆನ್ಸರಿಗೆ ದುಡ್ಡಿದ್ದರೆ ಮೇಲಿನ ಮೂರನೇ ಒಂದು ಭಾಗದಲ್ಲಿಡಿ, ಬಿಸಿ ಗಾಳಿ ಸುತ್ತಿಕೊಂಡು ಬಂದು ಮೊದಲು ಹೊಡೆಯುವುದು ಅಲ್ಲಿಗೇ. ಹಿಂಭಾಗದ ತಾಪಮಾನ 10ರಿಂದ 15 ಡಿಗ್ರಿ ಹೆಚ್ಚಿರುವುದು ಸಹಜ, ಅಲ್ಲಿಟ್ಟು ಹೆದರಬೇಡಿ. ಸರ್ವರ್‌ಗಳ ಒಳಗೆ ಗಾಳಿ ಸೇರುವ ಜಾಗದಲ್ಲಿ ಕಂಪನಿಯೇ ಹಾಕಿದ ಸೆನ್ಸರ್ ಇರುತ್ತದೆ, ಐಪಿಎಂಐ (ಸರ್ವರಿನ ಸ್ಥಿತಿಯನ್ನು ನೆಟ್‌ವರ್ಕ್‌ನಿಂದ ನೋಡುವ ವ್ಯವಸ್ಥೆ) ಮೂಲಕ ಓದಬಹುದು. ಕಾಸು ಖರ್ಚಿಲ್ಲದೆ ಸಿಗುವ ಈ ಅಳತೆಯನ್ನು ಬಹಳ ಕಡೆ ಯಾರೂ ಮುಟ್ಟುವುದೇ ಇಲ್ಲ.

ಮಿತಿಗಳ ವಿಷಯಕ್ಕೆ ಬಂದರೆ, ಹವಾನಿಯಂತ್ರಣ ಎಂಜಿನಿಯರುಗಳ ಆಶ್ರೇ ಸಂಸ್ಥೆಯ ಮಾರ್ಗಸೂಚಿ ಒಳಗೆಳೆಯುವ ಗಾಳಿಗೆ 18ರಿಂದ 27 ಡಿಗ್ರಿಯನ್ನು ಶಿಫಾರಸು ಮಾಡುತ್ತದೆ. ಉಪಕರಣಗಳನ್ನು ಅದು ತಾಳುವ ಬಿಸಿಗೆ ತಕ್ಕಂತೆ ವಿಂಗಡಿಸುತ್ತದೆ: ಎ1 ವರ್ಗದ ಉಪಕರಣ 32ರವರೆಗೆ, ಎ2 ವರ್ಗದ್ದು 35ರವರೆಗೆ ತಾಳಬಹುದು. ನಮ್ಮ ಸಣ್ಣ ಕೋಣೆಗಳಿಗೆ 28ಕ್ಕೆ ಎಚ್ಚರಿಕೆ, 32ಕ್ಕೆ ತುರ್ತು, 35ಕ್ಕೆ ಸ್ವಯಂಚಾಲಿತ ಶಟ್‌ಡೌನ್ ಸರಿಹೊಂದುತ್ತದೆ. ಆ ಶಟ್‌ಡೌನ್ ಮನುಷ್ಯರ ಒಪ್ಪಿಗೆಗೆ ಕಾಯಬಾರದು; ಮೊದಲು ವರ್ಚುವಲ್ ಮಷೀನುಗಳು (ಸಾಫ್ಟ್‌ವೇರಿನಲ್ಲಿ ಕಟ್ಟಿದ ಸರ್ವರ್‌ಗಳು), ಆಮೇಲೆ ಅವನ್ನು ಹೊತ್ತಿರುವ ಹೋಸ್ಟ್‌ಗಳು, ಕೊನೆಗೆ ಸ್ಟೋರೇಜ್. ಇದನ್ನು ತಾನಾಗಿಯೇ ಮಾಡುವ ಸ್ಕ್ರಿಪ್ಟ್ ಇದ್ದಿದ್ದರೆ ಆ ಕರಾವಳಿಯ ಕೋಣೆಯಲ್ಲಿ ಡೇಟಾ ಉಳಿಯುತ್ತಿತ್ತು. ಹಾರ್ಡ್ ಡಿಸ್ಕ್‌ಗಳ ಗರಿಷ್ಠ ಮಿತಿ ಸಾಮಾನ್ಯವಾಗಿ 60 ಡಿಗ್ರಿ. ಕೋಣೆಯೇ 45 ದಾಟಿದರೆ ಡಿಸ್ಕ್ ಅಲ್ಲಿಗೆ ತಲುಪುವುದು ಕಷ್ಟವೇನಲ್ಲ. ಸೀಸದ ಸೀಲ್ ಬ್ಯಾಟರಿಗಳಂತೂ ಸದಾ 10 ಡಿಗ್ರಿ ಹೆಚ್ಚು ಬಿಸಿಯಲ್ಲಿದ್ದರೆ ಅರ್ಧ ಆಯುಸ್ಸು ಕಳೆದುಕೊಳ್ಳುತ್ತವೆ.

ಮಿತಿ ದಾಟಿದ ತಕ್ಷಣ ಕೂಗಿಸಬೇಡಿ, 2 ನಿಮಿಷ ನಿರಂತರ ದಾಟಿದರೆ ಕೂಗಿಸಿ. 28ಕ್ಕೆ ಎದ್ದ ಅಲಾರಂ 26ಕ್ಕೆ ಇಳಿದ ಮೇಲೆ ಮಾತ್ರ ಮುಚ್ಚಲಿ. ಈ 2 ಡಿಗ್ರಿಯ ಅಂತರ ಬಿಡದಿದ್ದರೆ 27.9 ಮತ್ತು 28.1ರ ನಡುವೆ ಓಲಾಡುತ್ತ ಒಂದೇ ರಾತ್ರಿ ನೂರಾರು ಮೆಸೇಜ್ ಬರುತ್ತವೆ, ಮರುದಿನ ಯಾರಾದರೂ ಅದನ್ನು ಮ್ಯೂಟ್ ಮಾಡುತ್ತಾರೆ, ಮತ್ತೆ ತೆಗೆಯುವುದಿಲ್ಲ. ಜೊತೆಗೆ ಏರುವ ವೇಗಕ್ಕೂ ಒಂದು ಅಲಾರಂ ಬೇಕೇ ಬೇಕು: 5 ನಿಮಿಷದಲ್ಲಿ 3 ಡಿಗ್ರಿ ಏರಿದರೆ, ಆಗಿನ್ನೂ 24 ಇದ್ದರೂ ಸರಿ, ತುರ್ತು ಎಂದೇ ಹಿಡಿಯಿರಿ.

ಅಂಕಿಗಳಲ್ಲಿ ಮೂರು ಬಲೆಗಳಿವೆ. ಕೆಲವು ಸಾಧನಗಳು ಫ್ಯಾರನ್‌ಹೀಟ್‌ನಲ್ಲಿ ಬರುತ್ತವೆ, ಮಿತಿ 90 ಎಂದಿರುತ್ತದೆ. ಪರದೆಯನ್ನು ಸೆಲ್ಸಿಯಸ್‌ಗೆ ಬದಲಿಸಿದಾಗ ಮಿತಿಯೂ 32 ಆಯಿತೇ, ಇಲ್ಲ 90 ಎಂದೇ ಉಳಿಯಿತೇ ಎಂದು ಕಣ್ಣಾರೆ ನೋಡಿ. ಎರಡನೆಯದು, ಎಸ್‌ಎನ್‌ಎಂಪಿ ಮತ್ತು ಮಾಡ್‌ಬಸ್ (ಸಾಧನಗಳು ಅಳತೆ ಕಳಿಸುವ ಎರಡು ಪದ್ಧತಿಗಳು) ಸೆನ್ಸರ್‌ಗಳಲ್ಲಿ ಬಹಳಷ್ಟು, ಅಳತೆಯನ್ನು ಹತ್ತರಷ್ಟು ಮಾಡಿ ಕಳಿಸುತ್ತವೆ. 274 ಎಂದರೆ 27.4. ಒಬ್ಬರು ಮಿತಿಯನ್ನು 300 ಎಂದು ಬರೆದಿಟ್ಟಿರುತ್ತಾರೆ, ಇನ್ನೊಬ್ಬರು ಮುಂದೆ ಗ್ರಾಫ್ ಚೆಂದ ಕಾಣಲೆಂದು 0.1ರಿಂದ ಗುಣಿಸುತ್ತಾರೆ. ಅಲ್ಲಿಗೆ ಆ ಅಲಾರಂ ಮುಗಿಯಿತು, ಕೋಣೆ 300 ಡಿಗ್ರಿ ಆಗುವವರೆಗೆ ಅದು ಬಾಯಿ ಬಿಡುವುದಿಲ್ಲ. ಮೂರನೆಯದು ಸ್ವಂತವಾಗಿ ಜೋಡಿಸುವವರಿಗೆ: ಡಿಎಸ್18ಬಿ20 ಎಂಬ ತಾಪಮಾನದ ಚಿಪ್ ವಿದ್ಯುತ್ ಬಂದ ಕೂಡಲೇ, ಅಳತೆ ಮುಗಿಯುವ ಮುನ್ನ ಓದಿದರೆ 85 ಡಿಗ್ರಿ ಎನ್ನುತ್ತದೆ. 12 ಬಿಟ್ ಅಳತೆಗೆ ಅದಕ್ಕೆ 750 ಮಿಲಿಸೆಕೆಂಡ್ ಬೇಕು. ಸುಳ್ಳು ಅಲಾರಂ ತಪ್ಪಿಸಲು '50ಕ್ಕಿಂತ ಹೆಚ್ಚು ಬಂದರೆ ಬಿಟ್ಟುಬಿಡು' ಎಂದು ಪ್ರೋಗ್ರಾಂ ಬರೆಯುವುದು ಬಹಳ ಅಪಾಯ, ನಿಜವಾಗಿ ಬೆಂಕಿ ಹತ್ತಿದಾಗಲೂ ಅದು ಬಿಟ್ಟೇಬಿಡುತ್ತದೆ. ಸರಿಯಾಗಿ 85.0 ಬಂದರೆ ಮಾತ್ರ ಒಂದು ಸೆಕೆಂಡ್ ಕಾದು ಮತ್ತೆ ಓದಿ, ಎರಡನೇ ಸಲವೂ ಅದೇ ಬಂದರೆ ನಂಬಿ. ಡೇಟಾ ಲೈನಿಗೆ 4.7 ಕಿಲೋ ಓಮ್ ಪುಲ್‌ಅಪ್ ರೆಸಿಸ್ಟರ್ ಹಾಕುವುದನ್ನೂ ಮರೆಯಬೇಡಿ, ಅದಿಲ್ಲದೆ ಓದು ಸರಿಯಾಗಿ ಬರುವುದಿಲ್ಲ.

ಈಗ ಮುಖ್ಯವಾದದ್ದು, ಸುದ್ದಿ ಹೋಗುವ ದಾರಿ. ಆ ಕರಾವಳಿಯ ಕೋಣೆಯಲ್ಲಿ ಸೆನ್ಸರ್ ಸಾಧನ ಯುಪಿಎಸ್ ಮೇಲಿತ್ತು. ಆದರೆ ಇಂಟರ್ನೆಟ್ಟಿನ ಫೈಬರ್ ಡಬ್ಬಿ ಕೆಳಮಹಡಿಯಲ್ಲಿ, ಜನರೇಟರ್ ಕೂಡ ಇಲ್ಲದ ಪ್ಲಗ್‌ನಲ್ಲಿತ್ತು. ಹಾಗಾಗಿ ಇಮೇಲ್ ಕಟ್ಟಡ ಬಿಟ್ಟು ಹೊರಗೆ ಹೋಗಲೇ ಇಲ್ಲ. ಹೋಗಿದ್ದರೂ ತಲುಪುತ್ತಿರಲಿಲ್ಲ, ಯಾಕೆಂದರೆ ಸಾಧನದಲ್ಲಿ ಬರೆದಿದ್ದದ್ದು ಜಿಮೇಲ್ ಖಾತೆಯ ಮಾಮೂಲಿ ಪಾಸ್‌ವರ್ಡ್. ಗೂಗಲ್ 2022ರ ಮೇ ತಿಂಗಳಲ್ಲೇ ಅಂಥ ಲಾಗಿನ್ ನಿಲ್ಲಿಸಿದೆ. ಎರಡು ಹಂತದ ಪರಿಶೀಲನೆ ಆನ್ ಮಾಡಿ ಪ್ರತ್ಯೇಕ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು. ಸಾಧನದೊಳಗಿನ ಹಳೆಯ ಸಾಫ್ಟ್‌ವೇರ್ (ಫರ್ಮ್‌ವೇರ್) ಟಿಎಲ್‌ಎಸ್ 1.0 ಎಂಬ ಹಳೆಯ ಗೂಢಲಿಪಿ ಪದ್ಧತಿಯಲ್ಲೇ ನಿಂತಿದ್ದರೆ ಈಗಿನ ಬಹುತೇಕ ಮೇಲ್ ಸರ್ವರ್‌ಗಳು ಮಾತೇ ಆಡುವುದಿಲ್ಲ. ಅದಕ್ಕೆ ಕಚೇರಿಯ ಒಳಗೆ ಮೇಲನ್ನು ಪಡೆದು ಮುಂದಕ್ಕೆ ದಾಟಿಸುವ ಒಂದು ಸಣ್ಣ ಮೇಲ್ ರಿಲೇ ಇಟ್ಟು, ಅದು ಹೊಸ ಟಿಎಲ್‌ಎಸ್‌ನಲ್ಲಿ ಹೊರಗೆ ಕಳಿಸುವಂತೆ ಮಾಡಬಹುದು.

ಎಸ್‌ಎಂಎಸ್‌ಗೆಂದು ಇಟ್ಟಿದ್ದ, ಮೊಬೈಲ್ ಜಾಲ ಬಳಸುವ ಜಿಎಸ್‌ಎಂ ಮೋಡೆಮ್‌ನ ಪ್ರೀಪೇಯ್ಡ್ ಸಿಮ್‌ಗೆ ವ್ಯಾಲಿಡಿಟಿ ಮುಗಿದಿತ್ತು. ಯಾರ ಹೆಸರಿನ ಸಿಮ್, ಯಾರು ರೀಚಾರ್ಜ್ ಮಾಡಬೇಕು ಎಂಬುದು ಎಲ್ಲೂ ಬರೆದಿರಲಿಲ್ಲ. ಮೋಡೆಮ್ 2ಜಿಯದ್ದಾದರೆ ಇನ್ನೊಂದು ಎಚ್ಚರ: ಜಿಯೋಗೆ 2ಜಿ ಜಾಲವೇ ಇಲ್ಲ, ಆ ಸಿಮ್ ಹಾಕಿದರೆ ಕೆಲಸ ಮಾಡುವುದಿಲ್ಲ. ಎಸ್‌ಎಂಎಸ್ ಗೇಟ್‌ವೇ ಕಂಪನಿಗಳ ಮೂಲಕ ಕಳಿಸುವವರು ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2018ರ ನಿಯಮದಂತೆ ಮೆಸೇಜಿನ ಮಾದರಿಯನ್ನು ಟೆಲಿಕಾಂ ಕಂಪನಿಗಳ ಡಿಎಲ್‌ಟಿ ದಾಖಲೆ ವ್ಯವಸ್ಥೆಯಲ್ಲಿ ನೋಂದಾಯಿಸಿರಬೇಕು. ಆಮೇಲೆ ಸೆನ್ಸರ್ ಮೆಸೇಜಿನಲ್ಲಿ ಒಂದು ಪದ ಬದಲಿಸಿದರೂ ಅದು ಮಾದರಿಗೆ ಹೊಂದದೆ ಟೆಲಿಕಾಂ ಕಂಪನಿಯಲ್ಲೇ ತಡೆದುಹೋಗುತ್ತದೆ.

ಸಾಧನ ತಾನಾಗಿ ಮಾನಿಟರಿಂಗ್ ಸರ್ವರಿಗೆ ಕಳಿಸುವ ಎಸ್‌ಎನ್‌ಎಂಪಿ ಟ್ರ್ಯಾಪ್ ಎಂಬ ಸಂದೇಶ ಒಂದನ್ನೇ ನೆಚ್ಚಿಕೊಳ್ಳಬೇಡಿ. ಟ್ರ್ಯಾಪ್ ಸ್ವೀಕೃತಿ ಕೇಳದ ಯುಡಿಪಿಯ 162ನೇ ಪೋರ್ಟಿನಲ್ಲಿ ಹೋಗುತ್ತದೆ, ತಲುಪಿತೋ ಇಲ್ಲವೋ ಕಳಿಸಿದ ಸಾಧನಕ್ಕೆ ಗೊತ್ತಾಗುವುದಿಲ್ಲ. ಮಾನಿಟರಿಂಗ್ ಸರ್ವರಿನ ಐಪಿ ಬದಲಾದ ದಿನದಿಂದ ಟ್ರ್ಯಾಪ್‌ಗಳೆಲ್ಲ ಶೂನ್ಯಕ್ಕೆ ಹೋಗುತ್ತಿರುತ್ತವೆ. ಸಾಧನದಲ್ಲಿ ಇನ್ಫಾರ್ಮ್ ಸೌಲಭ್ಯವಿದ್ದರೆ ಅದನ್ನೇ ಬಳಸಿ, ಅದು ಉತ್ತರ ಬರದಿದ್ದರೆ ಮತ್ತೆ ಕಳಿಸುತ್ತದೆ. ಇಲ್ಲವಾದರೂ ನಿಮಿಷಕ್ಕೊಮ್ಮೆ ಸರ್ವರ್ ಕಡೆಯಿಂದಲೇ ಓದುವ ಪೋಲಿಂಗ್ ಇರಲಿ.

ಆ ರಾತ್ರಿಯ ಅತಿ ಕೆಟ್ಟ ಕೊಂಡಿ ಇವು ಯಾವುವೂ ಅಲ್ಲ, ತಾಪಮಾನ ತೋರಿಸುವ ಪರದೆ, ಅಂದರೆ ಡ್ಯಾಶ್‌ಬೋರ್ಡ್. ವಿಭಾಗದವರೊಬ್ಬರು ಮನೆಯಿಂದ ಮೊಬೈಲಿನಲ್ಲಿ ನೋಡಿದಾಗ 23.5 ಡಿಗ್ರಿ ಎಂದು ಹಸಿರಿನಲ್ಲಿ ಕಂಡಿತ್ತು. ಅದು ಸಂಪರ್ಕ ಕಡಿಯುವ ಮುನ್ನ ಕ್ಲೌಡಿಗೆ ಹೋಗಿದ್ದ ಕೊನೆಯ ಓದು. ಹಳಸಿದ ಅಂಕಿಯನ್ನು ತಾಜಾ ಎಂದು ತೋರಿಸುವ ಪರದೆ ಇರುವುದಕ್ಕಿಂತ ಇಲ್ಲದಿರುವುದೇ ಮೇಲು, ಇಲ್ಲದಿದ್ದರೆ ಅವರು ಒಂದು ಫೋನ್ ಮಾಡಿ ಕಾವಲುಗಾರರನ್ನು ಕೇಳುತ್ತಿದ್ದರು. ಓದು ಬರದಿರುವುದೇ ಒಂದು ಅಲಾರಂ ಆಗಬೇಕು. ಮಾನಿಟರಿಂಗ್ ಸಾಫ್ಟ್‌ವೇರ್‌ಗಳಾದ ಜಾಬಿಕ್ಸ್‌ನಲ್ಲಿ ನೋಡೇಟಾ ಫಂಕ್ಷನ್, ಪ್ರೊಮಿಥಿಯಸ್‌ನಲ್ಲಿ ಆಬ್ಸೆಂಟ್ ಫಂಕ್ಷನ್ ಇರುವುದು ಇದಕ್ಕೇ. 5 ನಿಮಿಷ ಓದು ಬರದಿದ್ದರೆ ತುರ್ತು ಅಲಾರಂ ಏಳಲಿ. ಆದರೆ ಅದೇ ಕಟ್ಟಡದ ಮಾನಿಟರಿಂಗ್ ಸರ್ವರೂ ಸತ್ತರೆ? ಅದಕ್ಕೆ ಕಟ್ಟಡದ ಹೊರಗೆ, ಬೇರೆ ಊರಿನ ಶಾಖೆಯಲ್ಲೋ ಬಾಡಿಗೆ ಸರ್ವರಿನಲ್ಲೋ, ಒಂದು ಕಾವಲು ಬೇಕು. ಒಳಗಿನ ಸರ್ವರ್ ನಿಮಿಷಕ್ಕೊಮ್ಮೆ ಅದಕ್ಕೆ 'ಇದ್ದೇನೆ' ಎನ್ನುತ್ತಿರಲಿ. ಆ ಸದ್ದು 5 ನಿಮಿಷ ನಿಂತರೆ ಹೊರಗಿನದ್ದು ಫೋನ್ ಕರೆ ಮಾಡಲಿ. ಕರೆಯೇ ಆಗಬೇಕು, ರಾತ್ರಿ ಸೈಲೆಂಟಿನಲ್ಲಿರುವ ಫೋನಿನಲ್ಲಿ ಎಸ್‌ಎಂಎಸ್ ಯಾರೂ ನೋಡುವುದಿಲ್ಲ. ಆ ಒಂದು ನಂಬರಿಗೆ ಸೈಲೆಂಟ್ ಮೀರುವ ಅನುಮತಿ ಕೊಟ್ಟಿಡಿ. ಮೊದಲನೆಯವರು 10 ನಿಮಿಷದಲ್ಲಿ ಒಪ್ಪಿಕೊಳ್ಳದಿದ್ದರೆ ಎರಡನೆಯವರಿಗೆ, ಆಮೇಲೆ ಕೀಲಿ ಇರುವ ಕಾವಲುಗಾರರಿಗೆ ಹೋಗಲಿ.

ಇದೇ ತತ್ವ ತಂತಿಗೂ ಅನ್ವಯಿಸುತ್ತದೆ. ಬಾಗಿಲು, ನೀರು, ಜನರೇಟರ್ ಸ್ಥಿತಿಯ ಡ್ರೈ ಕಾಂಟ್ಯಾಕ್ಟ್‌ಗಳನ್ನು (ಬರೀ ಕೂಡುವ, ಬಿಡುವ ಸ್ವಿಚ್‌ಗಳು) ನಾರ್ಮಲಿ ಕ್ಲೋಸ್ಡ್ ಆಗಿ, ಅಂದರೆ ಎಲ್ಲ ಸರಿಯಿರುವಾಗ ಸರ್ಕ್ಯೂಟ್ ಕೂಡಿರುವಂತೆ ಜೋಡಿಸಿ. ಇಲಿ ತಂತಿ ಕಡಿದರೂ ಸರ್ಕ್ಯೂಟ್ ತೆರೆದುಕೊಂಡು ಅಲಾರಂ ಏಳುತ್ತದೆ. ನಾರ್ಮಲಿ ಓಪನ್ ಆದರೆ ಕಡಿದ ತಂತಿಯೂ ಒಂದೇ, ಆರಾಮಾಗಿರುವ ಕೋಣೆಯೂ ಒಂದೇ.

ತೇವಾಂಶದ ಬಗ್ಗೆ ಕರಾವಳಿ, ಮಲೆನಾಡಿನವರು ಶೇಕಡಾವಾರು ನೋಡುವುದಕ್ಕಿಂತ ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ನೀರಾಗಿ ಕಟ್ಟಲು ಶುರುವಾಗುವ ತಾಪಮಾನ ನೋಡಬೇಕು. ಸುಲಭ ಲೆಕ್ಕ: ತೇವಾಂಶ ಶೇ 50ಕ್ಕಿಂತ ಹೆಚ್ಚಿದ್ದಾಗ, 100ರಿಂದ ಕಡಿಮೆಯಿರುವ ಪ್ರತಿ 5ಕ್ಕೆ ತಾಪಮಾನದಲ್ಲಿ 1 ಡಿಗ್ರಿ ಕಳೆಯಿರಿ. ಜುಲೈನಲ್ಲಿ ಹೊರಗೆ 27 ಡಿಗ್ರಿ, ಶೇ 90 ಇದ್ದರೆ ಇಬ್ಬನಿ ಬಿಂದು 25. ಎಸಿ ಕೆಟ್ಟಿತೆಂದು ಗಾಬರಿಯಿಂದ ಬಾಗಿಲು ತೆಗೆದು ಪೆಡೆಸ್ಟಲ್ ಫ್ಯಾನ್ ಇಟ್ಟರೆ, 20 ಡಿಗ್ರಿಯಲ್ಲಿ ಆಫ್ ಆಗಿ ಕೂತಿದ್ದ ಸ್ವಿಚ್, ಖಾಲಿ ಸರ್ವರಿನ ಲೋಹದ ಮೇಲೆ ನೀರು ಕಟ್ಟುತ್ತದೆ. ಒರೆಸಿ, ಒಣಗಿಸಿದ ಮೇಲೇ ಅವನ್ನು ಆನ್ ಮಾಡಿ. ಕೋಣೆಯ ಇಬ್ಬನಿ ಬಿಂದು 15 ದಾಟಿದರೆ ಎಚ್ಚರಿಕೆ ಬರುವಂತೆ ಇಡಿ.

ನೀರು ತಾಗಿದರೆ ತಿಳಿಸುವ ಹಗ್ಗದಂಥ ಸೆನ್ಸರ್ ಎಸಿಯ ಡ್ರೈನ್ ಪೈಪಿನ ಕೆಳಗೂ ನೆಲದ ಅತಿ ತಗ್ಗಿನ ಜಾಗದಲ್ಲೂ ಹಾದುಹೋಗಲಿ. ಹೊಗೆಯ ಪತ್ತೆ ಮಾತ್ರ ಇದರ ಭಾಗವಲ್ಲ; ಅದು ಬೆಂಕಿ ಪತ್ತೆಯ ಭಾರತೀಯ ಮಾನಕ ಐಎಸ್ 2189ರಂತೆ ಪ್ರತ್ಯೇಕ ಫೈರ್ ಪ್ಯಾನೆಲ್‌ನಲ್ಲೇ ಇರಬೇಕು, ಅಲ್ಲಿಂದ ಒಂದು ರಿಲೇ ಸ್ವಿಚ್ಚಿನ ಸಂಕೇತ ಮಾತ್ರ ಇಲ್ಲಿಗೆ ಬರಲಿ.

ತಿಂಗಳಿಗೊಮ್ಮೆ ಪರೀಕ್ಷೆ ಮಾಡುವಾಗ ಸಾಧನದ ಒಳಗಿರುವ 'ಟೆಸ್ಟ್' ಗುಂಡಿ ಒತ್ತಿ ಮುಗಿಸಬೇಡಿ, ಅದು ಸೆನ್ಸರನ್ನು ಮುಟ್ಟುವುದೇ ಇಲ್ಲ. ಹೇರ್ ಡ್ರೈಯರಿನಿಂದ ಒಂದಡಿ ದೂರದಿಂದ ಸೆನ್ಸರಿಗೆ ಬಿಸಿ ಗಾಳಿ ಕೊಡಿ, ಒದ್ದೆ ಬಟ್ಟೆಯನ್ನು ನೀರಿನ ಹಗ್ಗದ ಮೇಲಿಡಿ, ಬಾಗಿಲು ತೆರೆಯಿರಿ. ಆಮೇಲೆ ಸಾಧನದ ನೆಟ್‌ವರ್ಕ್ ಕೇಬಲ್ ಕಿತ್ತು ಹೊರಗಿನ ಕಾವಲು ಕರೆ ಮಾಡುತ್ತದೆಯೇ ನೋಡಿ. ವರ್ಷಕ್ಕೆರಡು ಸಲ, ಬೇಸಿಗೆಗೆ ಮುಂಚೆ ಒಮ್ಮೆ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಖ್ಯ ಬ್ರೇಕರ್ ಇಳಿಸಿ ನಿಜವಾದ ಕರೆಂಟು ಕಡಿತವನ್ನೇ ಮಾಡಿ: ಯಾವ ಎಸಿ ತಾನಾಗಿ ಎದ್ದಿತು, ಯಾವ ಡಬ್ಬಿಯ ದೀಪ ಆರಿತು, ಯಾರ ಫೋನ್ ಎಷ್ಟನೇ ನಿಮಿಷಕ್ಕೆ ರಿಂಗಾಯಿತು ಎಂದು ಬರೆದು, ಸಿಮ್‌ನ ವ್ಯಾಲಿಡಿಟಿ ಮುಗಿಯುವ ತಾರೀಖಿನ ಜೊತೆ ರ‍್ಯಾಕಿನ ಬಾಗಿಲಿಗೆ ಅಂಟಿಸಿ.