ನೀಲಿ ವೈರ್ ನ್ಯೂಟ್ರಲ್ ಅಂದುಕೊಂಡು ನಾನು ಪೆಟ್ಟು ತಿಂದೆ

ಇಸ್ತ್ರಿಪೆಟ್ಟಿಗೆ, ಮಿಕ್ಸಿಗಳ ವೈರನ್ನು ಎಷ್ಟೋ ವರ್ಷದಿಂದ ನಾನೇ ಬದಲಾಯಿಸುತ್ತ ಬಂದವನು. ಕಂದು ಫೇಸ್ (ಕರೆಂಟ್ ಬರುವ ವೈರ್), ನೀಲಿ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್), ಹಸಿರು-ಹಳದಿ ಗೆರೆಯದು ಅರ್ಥ್. ಇಷ್ಟು ಬಾಯಿಪಾಠ. ಎಡವಿದ್ದೂ ಅದರಿಂದಲೇ.

ಮಹಡಿ ಮನೆಯ ಗೀಸರ್ ಪಾಯಿಂಟಿನ 16 ಆಂಪ್ ಸಾಕೆಟ್ ಕರಕಲಾಗಿತ್ತು. ಮೇನ್ ಆಫ್ ಮಾಡಿ ಬಿಚ್ಚಿದೆ. ಯಾವ ವೈರ್ ಎಲ್ಲಿತ್ತು ಅಂತ ಒಂದು ಫೋಟೋ ಕೂಡ ತೆಗೆಯದೆ ಹಳೆಯದನ್ನು ಕಿತ್ತೆ. ಒಳಗೆ ನೀಲಿ, ಕಪ್ಪು, ಹಸಿರು. ಕೆಂಪು ಇಲ್ಲವೇ ಇಲ್ಲ. ನೀಲಿ ನ್ಯೂಟ್ರಲ್ ಅಂದಮೇಲೆ ಕಪ್ಪೇ ಫೇಸ್ ಇರಬೇಕು ಅಂತ ಲೆಕ್ಕ ಹಾಕಿ ಹೊಸ ಸ್ವಿಚ್-ಸಾಕೆಟ್ ಕೂರಿಸಿದೆ. ಗೀಸರ್ ಕೆಲಸ ಮಾಡಿತು, ನೀರು ಕಾಯಿತು. ನಾಲ್ಕು ತಿಂಗಳು ಯಾವ ತೊಂದರೆಯೂ ಇಲ್ಲ.

ಆಮೇಲೆ ಗೀಸರಿನ ಬಿಸಿ ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಕೆಟ್ಟಿತು. ಸ್ವಿಚ್ ಆಫ್ ಮಾಡಿ, ಸ್ಟೂಲ್ ಹತ್ತಿ, ಗೀಸರಿನ ಮುಚ್ಚಳ ತೆಗೆದು ಕೈ ಹಾಕಿದೆ ಅಷ್ಟೇ. ಮೊಣಕೈವರೆಗೆ ಜಾಡಿಸಿ ಹೊಡೆಯಿತು. ಸ್ಟೂಲಿನಿಂದ ಹಿಂದಕ್ಕೆ ಬಿದ್ದೆ. ಬಿದ್ದದ್ದೇ ಪುಣ್ಯ, ಕೈ ಬಿಟ್ಟಿತು. ಪ್ಲಗ್ ಕಿತ್ತಿದ್ದರೆ ಸಾಕಿತ್ತು. ಬಿಗಿಯಾಗಿತ್ತು, ಸೋಮಾರಿತನ.

ಎಲೆಕ್ಟ್ರಿಷಿಯನ್ ಬಂದು, ಸ್ವಿಚ್ ಆಫ್ ಇದ್ದಾಗಲೇ ಗೀಸರಿನ ಎರಡೂ ಟರ್ಮಿನಲ್ಲಿಗೆ ಟೆಸ್ಟರ್ ಇಟ್ಟರು. ಎರಡೂ ಕಡೆ ಹತ್ತಿತು! ನಾನು ಫೇಸ್, ನ್ಯೂಟ್ರಲ್ ಅದಲುಬದಲು ಮಾಡಿದ್ದರಿಂದ ಸ್ವಿಚ್ ಕಡಿಯುತ್ತಿದ್ದದ್ದು ನ್ಯೂಟ್ರಲನ್ನು. ಫೇಸ್ ನೇರವಾಗಿ ಗೀಸರಿಗೆ ಹೋಗಿ, ಕಾಯಿಲ್ ದಾಟಿ ಆ ಕಡೆಯ ಟರ್ಮಿನಲ್ಲಿನಲ್ಲೂ ನಿಂತಿತ್ತು. ಪೂರ್ತಿ 230 ವೋಲ್ಟ್.

"ಸಾರ್, ಇಸ್ತ್ರಿಪೆಟ್ಟಿಗೆ ಬೇರೆ, ಗೋಡೆ ಬೇರೆ" ಅಂದರು. ನಮ್ಮದು ತ್ರೀ ಫೇಸ್ ಮನೆ. ನಮ್ಮಲ್ಲಿ ಗೋಡೆಯೊಳಗಿನ ವೈರಿಂಗಿನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸುಗಳು. ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಉಪಕರಣದ ಜೊತೆ ಬರುವ ವೈರಿನ ಬಣ್ಣ ಅಂತಾರಾಷ್ಟ್ರೀಯ ಪದ್ಧತಿಯದು. ಒಂದೇ ನೀಲಿ, ಅಲ್ಲಿ ನ್ಯೂಟ್ರಲ್, ಇಲ್ಲಿ ಫೇಸ್. ಮಹಡಿಗೆ ಕೊಟ್ಟಿದ್ದದ್ದು ನೀಲಿ ಫೇಸ್.

ಎಂಸಿಬಿ (ತಾನಾಗಿಯೇ ಆಫ್ ಆಗುವ ಸ್ವಿಚ್) ಯಾಕೆ ಬೀಳಲಿಲ್ಲ ಅಂತ ಕೇಳಿದೆ. ಅದು ಓವರ್‌ಲೋಡಿಗೆ, ಶಾರ್ಟಿಗೆ ಬೀಳುತ್ತದೆ. ಮನುಷ್ಯನ ಮೈಯಲ್ಲಿ ಹರಿಯುವ ಕರೆಂಟು ಅದಕ್ಕೆ ಲೆಕ್ಕಕ್ಕೇ ಇಲ್ಲವಂತೆ. ಮನುಷ್ಯನನ್ನು ಉಳಿಸಲು, ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಬೇಕು. ನಮ್ಮಲ್ಲಿ ಇರಲಿಲ್ಲ. ಈಗ ಹಾಕಿಸಿದ್ದೇನೆ.

ನಿಮ್ಮ ಸಾಕೆಟ್ ಎದುರಿಗೆ ನಿಂತು ನೋಡಿ: ಮೇಲಿನ ದೊಡ್ಡ ತೂತು ಅರ್ಥ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್. ಸ್ವಿಚ್ ಆನ್ ಮಾಡಿ ಟೆಸ್ಟರ್ ಇಟ್ಟರೆ ಬಲಗಡೆ ಮಾತ್ರ ಹತ್ತಬೇಕು. ಟೆಸ್ಟರನ್ನು ಮೊದಲು ಕರೆಂಟ್ ಇರುವುದು ಗ್ಯಾರಂಟಿ ಇರುವ ಕಡೆ ಇಟ್ಟು ನೋಡಿ. ಕೆಟ್ಟ ಟೆಸ್ಟರ್ ಎಲ್ಲೂ ಹತ್ತುವುದಿಲ್ಲ. ಒಳಗೆ ಕೈ ಹಾಕುವುದಾದರೆ ಮೇನ್ ಆಫ್, ಪ್ಲಗ್ ಆಚೆ.

ಬಣ್ಣವನ್ನಂತೂ ನಂಬಲೇಬೇಡಿ. ಅವತ್ತೇ ಹಾಲ್‌ನ ಸ್ವಿಚ್ ಬೋರ್ಡ್ ಬಿಚ್ಚಿದಾಗ ಫ್ಯಾನಿಗೆ ಹೋದ ಫೇಸ್ ಹಸಿರು ವೈರಿನಲ್ಲಿತ್ತು. ಮನೆ ಕಟ್ಟುವಾಗ ಕೆಂಪು ವೈರಿನ ಸುರುಳಿ ಮುಗಿದಿತ್ತೋ ಏನೋ, ಪುಣ್ಯಾತ್ಮ ಕೈಗೆ ಸಿಕ್ಕಿದ್ದನ್ನು ಎಳೆದಿದ್ದಾನೆ. ಬರುವ ಭಾನುವಾರ ಅದನ್ನು ಬದಲಾಯಿಸಬೇಕು. ನಾನಲ್ಲ, ಎಲೆಕ್ಟ್ರಿಷಿಯನ್.