ಉದ್ದ ಬ್ಯಾರಲ್ ಹಾಕಿದ ಮಾತ್ರಕ್ಕೆ ಪೇಂಟ್‌ಬಾಲ್ ನೇರ ಹೋಗುವುದಿಲ್ಲ: ದುಡ್ಡು ಕೊಡುವ ಮೊದಲು ಓದಿ

ಪೇಂಟ್‌ಬಾಲ್ ಗನ್‌ಗೆ (ಆಟದಲ್ಲಿ ಬಣ್ಣ ತುಂಬಿದ ಸಣ್ಣ ಬಾಲನ್ನು ಗಾಳಿಯ ಒತ್ತಡದಿಂದ ಹಾರಿಸುವ ಗನ್) ಹೊಸ ಬ್ಯಾರಲ್, ಅಂದರೆ ನಳಿಗೆ, ತರಿಸುವ ಯೋಚನೆಯಲ್ಲಿ ಇರುವವರು, ಅದರಲ್ಲೂ ನಮ್ಮ ಕರಾವಳಿಯವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ಮಳೆಗಾಲದಲ್ಲಿ ನಾನು ಮತ್ತು ಭಾವ 27 ಸಾವಿರ ರೂಪಾಯಿ ಕಳೆದುಕೊಂಡೆವು. ದುಡ್ಡಿನ ಮಾತು ಬಿಡಿ, ಒಬ್ಬ ಹುಡುಗನ ಕಣ್ಣೇ ಹೋಗುವುದಿತ್ತು.

ಉಡುಪಿ ಹತ್ತಿರದ ಹಿರಿಯಡ್ಕ ಕಡೆ ಭಾವನ ತೆಂಗಿನ ತೋಟ ಇದೆ. ಪಕ್ಕದ ಖಾಲಿ ಜಾಗಕ್ಕೆ ಸುತ್ತ ಬಲೆ ಕಟ್ಟಿ, ಹಳೆ ಟಯರು, ಡ್ರಮ್ಮು ಇಟ್ಟು ಸಣ್ಣ ಮೈದಾನ ಮಾಡಿದ್ದೇವೆ. ಶನಿವಾರ, ಭಾನುವಾರ ಮಣಿಪಾಲದ ಕಾಲೇಜು ಹುಡುಗರು ಬರುತ್ತಾರೆ. ಇರುವುದು ಆರು ಸೆಕೆಂಡ್ ಹ್ಯಾಂಡ್ ಗನ್. ಹುಡುಗರದ್ದು ಒಂದೇ ದೂರು: "ಅಣ್ಣ, ಬಾಲ್ ನೇರ ಹೋಗುದೇ ಇಲ್ಲ."

ಸಾಮಾನು ಮಾರುವವರಿಗೆ ಫೋನ್ ಮಾಡಿದೆವು. "18 ಇಂಚಿನ ಬ್ಯಾರಲ್ ಹಾಕಿ ಸರ್. ಉದ್ದ ಇದ್ದಷ್ಟು ನೇರ ಹೋಗ್ತದೆ. ಒಳಗೆ ಟೈಟ್ ಉಂಟು, ಗಾಳಿ ಒಂಚೂರೂ ಲೀಕ್ ಆಗುದಿಲ್ಲ" ಅಂದರು. ಹಂದಿ ಓಡಿಸಲು ಕೋವಿ ಇಟ್ಟುಕೊಂಡವರ ನಡುವೆ ಬೆಳೆದವರು ನಾವು. ನಳಿಗೆ ಉದ್ದ ಇದ್ದರೆ ಗುರಿ ಒಳ್ಳೆಯದು ಅಂತ ನಮ್ಮ ತಲೆಯಲ್ಲೂ ಇತ್ತು. ಒಂದಕ್ಕೆ 4,500ರಂತೆ ಆರು ತರಿಸಿದೆವು. ಅದರಲ್ಲಿ ಒಂದರ ಥ್ರೆಡ್ (ಗನ್‌ಗೆ ತಿರುಗಿಸಿ ಕೂರಿಸುವ ಮರೆ) ನಮ್ಮ ಗನ್‌ಗೆ ಕೂರಲೇ ಇಲ್ಲ. ಎಲ್ಲ ಮಾಡೆಲ್‌ಗೂ ಥ್ರೆಡ್ ಒಂದೇ ಇರುವುದಿಲ್ಲ ಅಂತ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಜುಲೈ ತಿಂಗಳ ಶನಿವಾರ, ಮಳೆ ಬಿಟ್ಟ ಹೊತ್ತು. ಮೊದಲ ನಾಲ್ಕೈದು ಬಾಲ್ ಹೋದವು. ಆಮೇಲೆ ಒಂದು ಬಾಲ್ ಬ್ಯಾರಲ್ ಒಳಗೇ ಒಡೆಯಿತು. ಅದರ ಹಿಂದೆ ಬಂದ ಬಾಲ್‌ಗಳೆಲ್ಲ ಆ ಬಣ್ಣದ ಮೇಲೆ ಜಾರಿಕೊಂಡು ಒಂದು ಎಡಕ್ಕೆ, ಒಂದು ಆಕಾಶಕ್ಕೆ. ಗುಲಾಬಿ ಬಣ್ಣ ತುದಿಯ ತೂತುಗಳಿಂದ ತೊಟ್ಟಿಕ್ಕುತ್ತಿತ್ತು. ಆಗ ಒಬ್ಬ ಹುಡುಗ ಮಾಸ್ಕನ್ನು ಹಣೆಗೆ ಏರಿಸಿ, ಗನ್ನಿನ ಬಾಯಿ ತನ್ನ ಕಡೆಗೆ ತಿರುಗಿಸಿ ಒಳಗೆ ಇಣುಕಿದ. ಭಾವ ಓಡಿ ಹೋಗಿ ಗನ್ನನ್ನು ನೆಲಕ್ಕೆ ಒತ್ತಿದರು. ನೆಲಕ್ಕೆ ಹಿಡಿದು ಟ್ರಿಗರ್ ಎಳೆದರೆ ಒಳಗಿದ್ದ ಬಾಲ್ ಕೆಸರಿಗೆ ಬಡಿಯಿತು. ಬಾಲ್‌ನ ವೇಗ ಸೆಕೆಂಡಿಗೆ 260 ಅಡಿ, ಅಂದರೆ ಗಂಟೆಗೆ ಸುಮಾರು 285 ಕಿಲೋಮೀಟರ್. ಬರಿ ಕಣ್ಣಿಗೆ ಬಡಿದಿದ್ದರೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಪಕ್ಕದ ಲೇತ್ ಅಂಗಡಿಯಿಂದ ವರ್ನಿಯರ್ (ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುವ ಸಾಧನ) ತಂದು ಜಗಲಿಯಲ್ಲಿ ಕೂತೆವು. ಒಂದು ಬಾಲನ್ನು ಸ್ಟೀಲ್ ತಟ್ಟೆಯಲ್ಲಿ ಉರುಳಿಸಿದೆ. ನೆಟ್ಟಗೆ ಉರುಳಲಿಲ್ಲ, ಕುಂಟಿಕೊಂಡು ಹೋಯಿತು. ಈ ಬಾಲ್‌ನ ಅಳತೆ 0.68 ಇಂಚು, ಅಂದರೆ 17.3 ಮಿಲಿಮೀಟರ್ ಇರಬೇಕು. ನಮ್ಮದು ಒಂದು ಕಡೆ 17.2, ಇನ್ನೊಂದು ಕಡೆ 17.7. ಹೊರಗಿನ ಚಿಪ್ಪು ಜೆಲಾಟಿನ್, ಮಾತ್ರೆಯ ಕ್ಯಾಪ್ಸೂಲ್ ಇದ್ದ ಹಾಗೆ. ಗಾಳಿಯ ತೇವ ಹೀರಿ ಉಬ್ಬುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಡಬ್ಬದ ಮುಚ್ಚಳ ತೆರೆದಿಟ್ಟರೆ ಹಪ್ಪಳ ಏನಾಗುತ್ತದೆ ಅಂತ ನಮಗೆ ಗೊತ್ತಲ್ವಾ? ನಾವು ಬಾಲ್ ಚೀಲ ಬಿಚ್ಚಿ ಶೆಡ್‌ನಲ್ಲಿ ಇಟ್ಟಿದ್ದೆವು. ಹೊಸ ಬ್ಯಾರಲ್‌ನ ಒಳ ಅಳತೆ ಸರಿಯಾಗಿ 17.3. ಉಬ್ಬಿದ ಬಾಲನ್ನು ಅದರಲ್ಲಿ ತುರುಕಿದರೆ ಒಡೆಯದೆ ಇನ್ನೇನು?

ಇನ್ನು ಉದ್ದದ ವಿಷಯ. ಗಾಳಿ ಬಾಲನ್ನು ತಳ್ಳುವ ಕೆಲಸ ಹೆಚ್ಚುಕಡಿಮೆ ಮೊದಲ 8 ಇಂಚಿನಲ್ಲೇ ಮುಗಿಯುತ್ತದೆ. ಉಳಿದ ಉದ್ದದಲ್ಲಿ ಬಾಲ್ ಸುಮ್ನೆ ಗೋಡೆಗೆ ಉಜ್ಜಿಕೊಂಡು ಹೋಗುತ್ತದೆ. ಹಳೆ 12 ಇಂಚಿನದ್ದರಲ್ಲಿ 280 ಅಡಿ ತೋರಿಸುತ್ತಿದ್ದ ಸ್ಪೀಡ್ ಮೀಟರ್ ಹೊಸದರಲ್ಲಿ 260 ತೋರಿಸಿತು. ತುದಿಯ ತೂತುಗಳಿಂದ ಸದ್ದು ಕಡಿಮೆ ಆಗುತ್ತದೆ, ಅದು ನಿಜ. ಆದರೆ ಬಣ್ಣ ಹೊಕ್ಕರೆ ತೊಳೆಯಲು ಅರ್ಧ ಗಂಟೆ ಬೇಕು.

ಮತ್ತೆ ಫೋನ್ ಮಾಡಿದರೆ "ಹಾಗಾದ್ರೆ ರೈಫಲ್ ಗೆರೆ ಇರುವುದು ತಗೊಳ್ಳಿ" ಅಂದರು. ಅದಕ್ಕೂ ಮರುಳಾಗಬೇಡಿ. ರೈಫಲ್ ನಳಿಗೆಯ ಒಳಗಿನ ಸುರುಳಿ ಗೆರೆ ಗುಂಡನ್ನು ತಿರುಗಿಸುತ್ತದೆ, ತಿರುಗುವ ಗುಂಡು ನೇರ ಹೋಗುತ್ತದೆ. ಸೀಸದ ಗುಂಡು ಗಟ್ಟಿ, ಇಡೀ ಗುಂಡು ಒಟ್ಟಿಗೆ ತಿರುಗುತ್ತದೆ. ಪೇಂಟ್‌ಬಾಲ್ ಒಳಗೆ ಇರುವುದು ದ್ರವ. ಚಿಪ್ಪು ತಿರುಗಿದರೂ ಒಳಗಿನ ಬಣ್ಣ ಜತೆಗೆ ತಿರುಗುವುದಿಲ್ಲ. ಬಾಗಿದ ಬ್ಯಾರಲ್‌ಗಳೂ ಬರುತ್ತವೆ. ಅವು ಬಾಲ್‌ಗೆ ಹಿಮ್ಮುಖ ತಿರುಗು ಕೊಡುತ್ತವೆ, ಬಾಲ್ ಜಾಸ್ತಿ ದೂರ ಹೋಗುತ್ತದೆ. ದೂರ ಹೋಗುವುದು ಬೇರೆ, ಇಟ್ಟ ಗುರಿಗೆ ಬೀಳುವುದು ಬೇರೆ. ಬ್ಯಾರಲ್ ವಾಪಸ್ ತಗೊಳ್ಳಿ ಅಂದದ್ದಕ್ಕೆ "ಪೇಂಟ್ ತಾಗಿದೆ, ಆಗುದಿಲ್ಲ" ಅಂದು ಫೋನ್ ಇಟ್ಟರು.

ಖರ್ಚಿಲ್ಲದ ಪರೀಕ್ಷೆ ಒಂದಿದೆ. ಬ್ಯಾರಲನ್ನು ಗನ್ನಿನಿಂದ ಬಿಚ್ಚಿ. ಬಿಚ್ಚದೆ ಯಾವತ್ತೂ ಮಾಡಬೇಡಿ. ಹಿಂದಿನ ಕಡೆಯಿಂದ ಒಂದು ಬಾಲ್ ಹಾಕಿ. ತಾನಾಗಿ ಉರುಳಿ ಹೊರಗೆ ಬಿದ್ದರೆ ಸಡಿಲ, ಪಕ್ಕದಿಂದ ಗಾಳಿ ಸೋರಿ ಒಂದೊಂದು ಬಾಲ್ ಒಂದೊಂದು ವೇಗದಲ್ಲಿ ಹೋಗುತ್ತದೆ. ಜೋರಾಗಿ ಊದಿದರೂ ಅಲುಗದಿದ್ದರೆ ತೀರಾ ಬಿಗಿ. ಅಲ್ಲೇ ನಿಂತು, ಊದಿದಾಗ ಹೊರಗೆ ಬಂದರೆ ಅದೇ ಸರಿ ಜೋಡಿ. ಚೀಲ ಹೊಸದು ಬಿಚ್ಚಿದಾಗಲೆಲ್ಲ ಇದನ್ನು ಮಾಡಿ, ಯಾಕೆಂದರೆ ನಮ್ಮ ಹವೆಯಲ್ಲಿ ಮೇ ತಿಂಗಳ ಬಾಲ್ ಜುಲೈಗೆ ಹಾಗೇ ಇರುವುದಿಲ್ಲ.

ನಾವು ಹಳೆ 12 ಇಂಚಿನ ಬ್ಯಾರಲ್‌ಗಳನ್ನೇ ಮತ್ತೆ ಹಾಕಿದ್ದೇವೆ. ಹೊಸ ಬಾಲ್ ತರಿಸಿ ಗಾಳಿಯಾಡದ ಡಬ್ಬದಲ್ಲಿ ಮನೆಯೊಳಗೆ ಇಡುತ್ತೇವೆ. ಒಂದೇ ಮಗ್ಗುಲಲ್ಲಿ ಕೂತು ಚಪ್ಪಟೆ ಆಗದ ಹಾಗೆ ಆಗಾಗ ಡಬ್ಬ ಮಗುಚುತ್ತೇವೆ. 20 ಹೆಜ್ಜೆ ದೂರದ ಡ್ರಮ್ಮಿಗೆ ಮೊದಲು 10ರಲ್ಲಿ ಮೂರು ಬೀಳುತ್ತಿತ್ತು, ಈಗ ಏಳು ಬೀಳುತ್ತದೆ. ಬಾಲ್ ಒಳಗೆ ಒಡೆದರೆ ಬ್ಯಾರಲ್ ಬಾಯಿಗೆ ಬಾಲ್ ತಡೆಯುವ ಚೀಲ ಹಾಕಿ ಗನ್ನನ್ನು ಭಾವನ ಕೈಗೆ ಕೊಡಬೇಕು, ಮಾಸ್ಕ್ ತೆಗೆಯುವುದು ಬಲೆಯ ಹೊರಗೆ ಬಂದ ಮೇಲೆಯೇ.

ಆ ಆರು ಬ್ಯಾರಲ್ ಅಟ್ಟದ ಮೇಲಿವೆ. ಉಡುಪಿ, ಮಂಗಳೂರು ಕಡೆಯವರು ಯಾರಾದರೂ ಕೊಳ್ಳುವ ಮೊದಲು ಅಳತೆ ಹೋಲಿಸಿ ನೋಡಬೇಕಿದ್ದರೆ ಭಾನುವಾರ ಬನ್ನಿ. ನಿಮ್ಮ ಬಾಲ್ ತನ್ನಿ, ವರ್ನಿಯರ್ ನಮ್ಮಲ್ಲಿದೆ.